ಭಾವನ ಮನೆ, ಭಾವನೆ ಮನೆ

ನಮ್ಮ ಊರಿನ ಮನೆಗಳಿಗೆ ನಂಬರಿಲ್ಲ, ಪದಗಳಿವೆ. ಟಪಾಲಿನವನು ಕಾಗದ ಹಿಡಿದು ಬಂದರೆ ‘ಉಪ್ಪಿನ ಮನೆ ಯಾವುದು, ಮಗ್ಗುಲ ಮನೆ ಯಾವುದು’ ಎಂದು ಕೇಳಿಕೊಂಡೇ ಬರುತ್ತಾನೆ. ಒಂದೊಂದು ಮನೆತನ ಒಂದೊಂದು ಪದವನ್ನು ಸಾಕುತ್ತದೆ. ಸಾಕುವುದೆಂದರೆ ಹೆಚ್ಚೇನಲ್ಲ, ಆ ಪದ ಎಲ್ಲಿ ಹುಟ್ಟಿತು, ಯಾತಕ್ಕೆ ಹುಟ್ಟಿತು ಎಂದು ತಿಳಿದಿರಬೇಕು. ಹನ್ನೆರಡು ವರ್ಷಕ್ಕೊಮ್ಮೆ ಸರದಿ ಬರುತ್ತದೆ. ಆ ಕಾರ್ತಿಕದ ಕೊನೆಯ ಸೋಮವಾರ ಮನೆಯವರೊಬ್ಬರು ಮಿಂದು ಮಡಿಯುಟ್ಟು ಗುಡಿಗೆ ಹೋಗಿ, ಕಲ್ಲುಬಸವನ ಕಿವಿಯಲ್ಲಿ ತಮ್ಮ ಪದದ ಹುಟ್ಟನ್ನು ಹೇಳಬೇಕು. ಆಮೇಲೆ ಮೆಟ್ಟಿಲ ಮೇಲೆ ಕೂತ ಊರೆಲ್ಲ ಒಟ್ಟಿಗೆ ಆ ಪದವನ್ನು ಅನ್ನಬೇಕು. ದನಿ ಬಂದರೆ ಹೇಳಿದ ಹುಟ್ಟು ನಿಜ, ಪದ ಇನ್ನು ಹನ್ನೆರಡು ವರ್ಷ ಬಾಳುತ್ತದೆ. ಬಾರದಿದ್ದರೆ ಅಲ್ಲಿಗೆ ಮುಗಿಯಿತು. ಬಾಯಿ ತೆರೆಯುತ್ತದೆ, ತುಟಿ ಆಡುತ್ತದೆ, ಆ ಪದವೊಂದು ಮಾತ್ರ ಕೇಳಿಸುವುದಿಲ್ಲ.

ಹಾಗೆ ಹೋದ ಪದಗಳೂ ಉಂಟು. ಹಿಂದೆ ಉಂಡ ಮೇಲೆ, ಎಲೆ ಮಡಿಸುವ ಮುಂಚೆ, ಎಲ್ಲರೂ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದರಂತೆ. ಹೊಟ್ಟೆ ತುಂಬಿದ್ದಕ್ಕೆ, ಜೊತೆಗೆ ಕೂತವರು ಇದ್ದಾರೆ ಎಂಬುದಕ್ಕೆ. ಅದಕ್ಕೊಂದು ಪದವಿತ್ತಂತೆ. ಊರಿನ ಹಿರಿಯರ ಅಜ್ಜಿಯರ ಕಾಲದಲ್ಲಿ ಆ ಪದ ಹೋಯಿತು. ಪದ ಹೋದ ಕೆಲವೇ ವರ್ಷಕ್ಕೆ ಕೂರುವುದೂ ಹೋಯಿತು. ಈಗ ಕೊನೆಯ ತುತ್ತು ಗಂಟಲಿಗಿಳಿಯುವ ಮೊದಲೇ ಎದ್ದುಬಿಡುತ್ತೇವೆ, ಯಾಕೆ ಏಳುತ್ತೇವೋ ಯಾರಿಗೂ ಗೊತ್ತಿಲ್ಲ. ಆ ಪದ ಸಾಕಿದ್ದ ಮನೆಯ ಮುಂಬಾಗಿಲಲ್ಲಿ ಇವತ್ತಿಗೂ ಗೋಡೆ ನಿಂತಿದೆ. ಅದು ಇಲ್ಲಿಯ ಕಟ್ಟಳೆ. ಪದ ಕಳೆದವರು ಮುಂಬಾಗಿಲಿಗೆ ಗೋಡೆ ಕಟ್ಟಿ ಹಿತ್ತಿಲಿನಿಂದ ಓಡಾಡಬೇಕು. ಕಾರ್ತಿಕದಲ್ಲಿ ಊರಿನ ಹಿರಿಯರ ಹೆಸರುಗಳನ್ನು ಗುಡಿಯಲ್ಲಿ ಕೂಗುವಾಗ ಆ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ಕೂಗುವುದಿಲ್ಲ.

ನಾನು ಈ ಊರಲ್ಲಿ ಹುಟ್ಟಿದವನಲ್ಲ, ಹೊಳೆಯಾಚೆಯವನು. ಅಪ್ಪ ಅವ್ವ ಇಲ್ಲದ ನನ್ನನ್ನು ಅಕ್ಕ ದೇವೀರಮ್ಮ ಮದುವೆಯಾಗಿ ಬರುವಾಗ ಸೆರಗಿಗೆ ಕಟ್ಟಿಕೊಂಡಂತೆ ಕರೆತಂದಳು. ಆಗ ನನಗೆ ಎಂಟು, ಈಗ ಐವತ್ತೆಂಟು. ಭಾವ ಪರ್ವತಯ್ಯನವರು ಪಂಡಿತರು, ಬೇರು ಸೊಪ್ಪು ಕಾಯಿಗಳಿಂದ ಔಷಧಿ ಮಾಡಿ ಕೊಡುವವರು. ಬಂದ ಮೊದಲ ವಾರವೇ ಬೀದಿಯಲ್ಲಿ ಯಾರೋ ನನ್ನನ್ನು ನಿಲ್ಲಿಸಿ, “ಯಾವ ಮನೆಯೋನ್ಲಾ ನೀನು, ಭಾವನೆ ಮನೆಯೋನಾ?” ಎಂದರು. “ಹೂಂ, ಭಾವನ ಮನೆಯೋನು” ಎಂದೆ ನಾನು. ಕೇಳಿದವರು ನಕ್ಕರು. ಯಾಕೆ ನಕ್ಕರೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ಅಕ್ಕ ಸೇರಿದ ಮನೆ ಸಾಕುತ್ತಿದ್ದ ಪದವೇ ಭಾವನೆ. ಮನುಷ್ಯನ ಒಳಗಿನ ಸಂತೋಷ, ಸಂಕಟ, ಸಿಟ್ಟು, ಮಮತೆ ಎಲ್ಲವನ್ನೂ ಒಂದೇ ಸೂರಿನಡಿ ಕೂರಿಸುವ ಪದ. ಗೊತ್ತಾದ ಮೇಲೂ ನನಗೆ ಅದು ಭಾವನ ಮನೆಯಾಗಿಯೇ ಉಳಿಯಿತು.

ಕಳೆದ ಆಷಾಢದಲ್ಲಿ ಭಾವ ಶಿವನ ಪಾದ ಸೇರಿದರು. ಮೂರು ದಿನದ ಜ್ವರ, ಅಷ್ಟೆ. ಮಕ್ಕಳಿಲ್ಲ. ಎರಡನೆಯ ದಿನ ಅಕ್ಕ ಹಣೆಗೆ ತಣ್ಣೀರು ಬಟ್ಟೆ ಹಾಕುತ್ತ, “ಕಾರ್ತಿಕಕ್ಕೆ ನಮ್ಮ ಸರದಿ ಐತೆ ಕಣ್ರೀ. ಪದದ ಹುಟ್ಟು ಒಂದು ನನ್ನ ಕಿವಿಗೆ ಹಾಕ್ಬಿಡಿ” ಎಂದಳು. ಭಾವ ಕಣ್ಣು ತೆರೆಯದೆ ನಕ್ಕರು. “ಅದನ್ನೇನೇ ಹೇಳೋದು? ದಿನಾ ಕೇಳಿಸ್ಕೊಂತಾನೇ ಇದ್ದೀಯಲ್ಲ. ನಾಳೆ ಹೇಳ್ತೀನಿ ಬಿಡು.” ಆ ನಾಳೆ ಬರಲಿಲ್ಲ.

ಅಕ್ಕ ಅಳಲಿಲ್ಲ. ಭಾವನನ್ನು ಮನೆಯಿಂದ ಹೊರಗೆ ತಂದಾಗಲೂ ಇಲ್ಲ, ತಿಥಿಯ ದಿನವೂ ಇಲ್ಲ. ಬಂದವರಿಗೆ ಎಲೆ ಹಾಕಿದಳು, ಉಳಿದ ಪಾತ್ರೆ ತೊಳೆದಳು. ಎದುರುಮನೆಯ ಹೊಂಬಾಳಮ್ಮ ತಡೆಯಲಾರದೆ ನಾಲ್ಕು ಜನರ ನಡುವೆ ಅಂದೇಬಿಟ್ಟಳು. “ಭಾವನೆ ಮನೆಯಾಕೆಗೆ ಭಾವನೆನೇ ಇಲ್ವಲ್ರವ್ವ. ಒಂದು ಹನಿ ನೀರು ಬ್ಯಾಡ್ವಾ ಕಣ್ಣಾಗೆ?” ಅಕ್ಕನಿಗೆ ಕೇಳಿಸಿತು. ಅವಳು ಚೊಂಬು ಬೋರಲು ಹಾಕಿ ಒಳಗೆ ಹೋದಳು.

ಹುಟ್ಟು ಬಲ್ಲವರು ಯಾರೂ ಉಳಿಯದೆ, ಶ್ರಾವಣದಲ್ಲಿ ಪದ ಸಣ್ಣಗಾಗತೊಡಗಿತು. ಎಣ್ಣೆ ತೀರುವ ದೀಪದ ಹಾಗೆ. ಮೊದಮೊದಲು ಆ ಪದ ಬಂದಾಗ ಎಲ್ಲರ ದನಿ ಪಿಸುಮಾತಿಗೆ ಇಳಿಯುತ್ತಿತ್ತು. ದಸರೆ ಕಳೆಯುವಷ್ಟರಲ್ಲಿ ಅದೂ ಇಲ್ಲ. ಊರು ಹೇಗೋ ಹೊಂದಿಕೊಂಡಿತು. ಹೆಣ್ಣು ನೋಡಲು ಪರವೂರಿಗೆ ಹೋದ ನಮ್ಮವರು “ಹುಡುಗ ಒಳ್ಳೆ — ಇರೋನು” ಎಂದು ಬಾಯಿ ತೆರೆದು ಎದೆ ಮುಟ್ಟಿ ತೋರಿಸಿದರು, ಹೆಣ್ಣಿನ ಕಡೆಯವರು ಹುಡುಗನಿಗೆ ದಮ್ಮಿನ ಕಾಯಿಲೆಯೋ ಏನೋ ಎಂದು ಎದ್ದು ಹೋದರು. ಹೋಟೆಲಿನ ಮುಂದೆ ಜಗಳವಾಡುತ್ತಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ “ನನ್ನ —ಗೆ ಬೆಲೆನೇ ಇಲ್ವೇನಲಾ” ಎಂದು ಮೀನಿನಂತೆ ಬಾಯಿ ಬಿಟ್ಟ. ಇನ್ನೊಬ್ಬನಿಗೆ ನಗು ಬಂದು ಜಗಳವೇ ನಿಂತಿತು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು ಎಂದವರೂ ಇದ್ದರು. ಆದರೆ ಎಲೆ ಮಡಿಸುವ ಮುಂಚಿನ ಆ ಗಳಿಗೆ ಹೋದ ಕತೆ ಗೊತ್ತಿದ್ದವರು ನಗಲಿಲ್ಲ. ಪದ ಹೋದರೆ ಹಿಂದೆಯೇ ಏನು ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಹೊಂಬಾಳಮ್ಮ ಮೊರದಲ್ಲಿ ಅವರೆಕಾಯಿ ಹಿಡಿದು ನಮ್ಮ ಜಗಲಿಗೆ ಬಂದಳು. ಅವರದು ಅನಿಸಿಕೆ ಮನೆ. “ನೋಡು ದೇವೀರಿ, ಬ್ಯಾಸರ ಮಾಡ್ಕಬ್ಯಾಡ. ನಿಮ್ಮ ಪದ ಹೋದ್ರೆ ಹೋಗ್ಲಿ, ನಮ್ಮ ಅನಿಸಿಕೆ ಐತಲ್ಲ, ಊರು ಅದ್ರಾಗೇ ಸುಧಾರಿಸ್ಕೊಂತದೆ. ಏನು ಯತ್ವಾಸ ಹೇಳು.”

ಅಕ್ಕ ಅವರೆಕಾಯಿಗೆ ಕೈಹಾಕಿ ಸುಲಿಯುತ್ತಲೇ ಹೇಳಿದಳು. “ಅನಿಸೋದು ಬರ್ತದೆ, ಹೋಗ್ತದೆ ಕಣಕ್ಕ. ಬೆಳಿಗ್ಗೆ ಉಪ್ಪಿಟ್ಟು ತಿನ್ಬೇಕು ಅನಿಸ್ತದೆ, ಮಧ್ಯಾಹ್ನಕ್ಕೆ ಬ್ಯಾಡ ಅನಿಸ್ತದೆ. ಅವ್ರು ಹೋದದ್ದು ನಂಗೆ ಅನಿಸಿಕೆ ಅಲ್ಲ.”

“ಹಂಗಾರೆ ಏನು ಅದು?”

ಅಕ್ಕ ಬಾಯಿ ತೆರೆದಳು. ತುಟಿ ಆಡಿತು. ಏನೂ ಕೇಳಿಸಲಿಲ್ಲ. ಹೊಂಬಾಳಮ್ಮ ಕೂಡ ಆಗ ಹಂಗಿಸಲಿಲ್ಲ. ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.

ಗೋಡೆ ಕಟ್ಟುವ ಕಲ್ಲುಕುಟಿಗ ಅದೇ ವಾರ ಬಂದು ನಮ್ಮ ಮುಂಬಾಗಿಲಿನ ಅಗಲ ಅಳೆದುಕೊಂಡು ಹೋದ. ಕೆಟ್ಟವನಲ್ಲ, ಮೊದಲೇ ಕಲ್ಲು ಹೊಂದಿಸಿಕೊಳ್ಳಬೇಕಲ್ಲ. ಅಕ್ಕ ಅವನಿಗೆ ಮಜ್ಜಿಗೆ ಕೊಟ್ಟಳು. ಅವನು ಹೋದ ಮೇಲೆ ಹೊಸ್ತಿಲ ಮೇಲೆ ಕೂತು, “ಬಾಗ್ಲು ಹೋದ್ರೆ ಹೋಗ್ಲಿ ಕಣೋ ಮುದ್ದಯ್ಯ. ಕಾರ್ತಿಕದಾಗೆ ಅವ್ರ ಹೆಸರು ಕೂಗದಿಲ್ಲ ಅಂತಾರಲ್ಲ, ಅದೊಂದು ನಂಗೆ ತಡ್ಕಳಕ್ಕಾಗದಿಲ್ಲ” ಎಂದಳು.

ನಾನು ಮಠದ ಶಿತಿಕಂಠ ಶಾಸ್ತ್ರಿಗಳ ಹತ್ತಿರ ಹೋದೆ. ಓದಿಕೊಂಡವರು, ಕರುಣೆಯುಳ್ಳವರು, ಎರಡು ಮಾತಿಗೊಮ್ಮೆ ಕೆಮ್ಮುವವರು. ಪುಸ್ತಕ ತೆಗೆಯದೆಯೇ ಹೇಳಿದರು. “ನೋಡಪ್ಪಾ, ಭೂ ಅಂತ ಸಂಸ್ಕೃತದಲ್ಲಿ ಒಂದು ಧಾತು. ಇರುವುದು, ಆಗುವುದು ಅಂತ ಅರ್ಥ. ಅದರಿಂದ ಭವ, ಅದರಿಂದ ಭಾವ. ನಿಮ್ಮ ಪದವೂ ಅದೇ ವಂಶ. ಆದರೆ ಪುಸ್ತಕ ನನಗೆ ವಂಶ ಹೇಳುತ್ತದೆ, ತೊಟ್ಟಿಲು ತೋರಿಸುವುದಿಲ್ಲ. ಇಷ್ಟು ಸಾಕೋ ಏನೋ, ಅಕ್ಕನಿಗೆ ಹೇಳಿ ನೋಡು.”

ಅಕ್ಕ ಕೈಕಾಲು ತೊಳೆದು, ದೇವರ ಗೂಡಿನಲ್ಲಿದ್ದ ಹಿತ್ತಾಳೆಯ ಪುಟ್ಟ ಬಸವನ ಕಿವಿಗೆ ಅದನ್ನು ಹೇಳಿದಳು. ಆಮೇಲೆ ಇಬ್ಬರೂ ಒಟ್ಟಿಗೆ ಪದ ಅಂದೆವು. ‘ಭಾವ’ ಎಂಬಷ್ಟು ಗಟ್ಟಿಯಾಗಿ ಬಂತು. ಕೊನೆಯ ಅಕ್ಷರಕ್ಕೆ ಬರೀ ಬಾಯಿ ತೆರೆಯಿತು. ಮತ್ತೊಮ್ಮೆ ಅಂದೆವು. ಮತ್ತೆ ಅಷ್ಟೇ.

ಆಷಾಢದಿಂದೀಚೆಗೆ ಅವತ್ತು ಮೊದಲ ಸಲ ಅಕ್ಕ ನಕ್ಕಳು. “ನಿನ್ನ ಭಾವ ಬಂದ್ರು ಕಣೋ. ಬಾಲ ಹೊರಗೇ ಉಳೀತು.”

ಅರ್ಧವಾದರೂ ಕೊಟ್ಟವರಿಗೆ ಏನಾದರೂ ಕೊಡಬೇಕು. ಶಾಸ್ತ್ರಿಗಳ ಕೆಮ್ಮಿಗೆ ನೆಲ್ಲಿಯ ಪುಡಿ ಮಾಡಿಕೊಡು ಎಂದು ಅಕ್ಕ ಹೇಳಿದಳು. ಭಾವ ಹೋದ ಮೇಲೆ ಔಷಧಿ ಕೋಣೆಯ ಬಾಗಿಲು ನಾನು ತೆರೆದಿರಲಿಲ್ಲ. ಔಷಧಿ ಅರೆಯುವ, ದೋಣಿಯಂಥ ಕಲ್ಬತ್ತು ಧೂಳು ಹಿಡಿದು ಕೂತಿತ್ತು. ತೊಳೆದೆ. ಒಣಗಿದ ನೆಲ್ಲಿಚೆಟ್ಟನ್ನು ಕುಟ್ಟಿ ಜರಡಿ ಹಿಡಿದೆ. ಹಸಿ ನೆಲ್ಲಿಕಾಯಿ ಜಜ್ಜಿ ರಸ ಹಿಂಡಿ, ಪುಡಿ ಮುಳುಗುವಷ್ಟು ಹುಯ್ದು, ರಸ ಆರುವವರೆಗೆ ಅರೆದೆ. ಒಣಗಿಸಿ ಮತ್ತೆ ರಸ, ಮತ್ತೆ ಅರೆತ. ಹೀಗೆ ಏಳು ಸಲ ಆಗಬೇಕು, ದಿನಕ್ಕೊಂದರಂತೆ. ಐವತ್ತು ವರ್ಷ ಮಾಡಿದ ಕೆಲಸ, ಕೈ ತಾನೇ ನಡೆಯುತ್ತದೆ, ಬಾಯಿಗೆ ಮಾತು ಬೇಕಿಲ್ಲ. ಐದನೆಯ ದಿನ, ಗುಡಿಯ ಸೋಮವಾರಕ್ಕೆ ಇನ್ನೆರಡೇ ದಿನ ಇದ್ದಾಗ, ಅಕ್ಕ ಅಡುಗೆಮನೆಯಿಂದಲೇ ಕೂಗಿದಳು. “ಎಷ್ಟಾಯ್ತೋ?”

“ಐದು ಭಾವನೆ ಆಯ್ತು ಕಣಕ್ಕ, ಇನ್ನೆರಡು” ಎಂದೆ.

ಗೂಡಿನಲ್ಲಿದ್ದ ತಾಮ್ರದ ಗಿಂಡಿಗಳು ಝಂಯ್ ಎಂದವು. ಆ ಪದ ಅಷ್ಟು ತುಂಬಿದ ದನಿಯಲ್ಲಿ ಬಂದಿತ್ತು. ನನ್ನ ಕೈಯ ಗುಂಡುಕಲ್ಲು ಅಲ್ಲೇ ನಿಂತಿತು. ಅಕ್ಕ ಅಕ್ಕಿ ನೆನೆಹಾಕಿದ ಪಾತ್ರೆಯನ್ನು ಹಿಡಿದುಕೊಂಡೇ ಓಡಿ ಬಂದಳು.

“ಏನಂದೆ ಈಗ?”

“ಐದು ಭಾವನೆ ಅಂದೆ.”

“ಅದನ್ನೇ ಅನ್ನು. ಇಲ್ಲಿ ಬಂದು ಅನ್ನು.”

ಹೊಸ್ತಿಲು ದಾಟಿ ನಡುಮನೆಗೆ ಬಂದು ಅಂದೆ. ತುಟಿ ಆಡಿತು, ದನಿಯಿಲ್ಲ. ಒಂದು ಹೆಜ್ಜೆ ಹಿಂದಿಟ್ಟು ಕೋಣೆಯೊಳಗೆ ಅಂದೆ. ಗಿಂಡಿಗಳು ಮತ್ತೆ ಗುನುಗಿದವು. ಅಕ್ಕ ತಾನೂ ಒಳಗೆ ಬಂದು ಅಂದು ನೋಡಿದಳು, ಹೊರಗೆ ಹೋಗಿ ಅಂದು ನೋಡಿದಳು. ಅರವತ್ತೈದರ ಹೆಂಗಸು, ಐವತ್ತೆಂಟರ ನಾನು, ಮಕ್ಕಳ ಕುಂಟೆಬಿಲ್ಲೆಯಂತೆ ಹೊಸ್ತಿಲ ಆಚೆ ಈಚೆ ಹಾರುತ್ತ ಒಂದೇ ಪದವನ್ನು ಅನ್ನುತ್ತಿದ್ದೆವು. ಬೀದಿಯಿಂದ ಯಾರಾದರೂ ನೋಡಿದ್ದರೆ ಹುಚ್ಚೆನ್ನುತ್ತಿದ್ದರು, ಇಬ್ಬರಿಗೂ ಭಾವನೇ ಬೇರೆ ಲೋಕದಿಂದ ಔಷಧಿ ಕಳಿಸಬೇಕಿತ್ತು.

“ಈ ಕೆಲಸಕ್ಕೆ ನೀನು ಈ ಪದ ಯಾಕಿಟ್ಟೆ? ಅರೆಯೋದಕ್ಕೂ ಇದಕ್ಕೂ ಏನೋ?” ಎಂದಳು ಅಕ್ಕ.

ನನಗೆ ನಾಚಿಕೆಯಾಯಿತು. ಐವತ್ತು ವರ್ಷ ಯಾರಿಗೂ ಹೇಳದ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿತ್ತು. ರಸ ಹುಯ್ದು ಅರೆಯುವ ಆ ಕೆಲಸಕ್ಕೆ ಭಾವ ‘ಭಾವನೆ ಕೊಡು’ ಎನ್ನುತ್ತಿದ್ದರು. ಭಾವ ಹೇಳುವ ಕೆಲಸ, ಆದ್ದರಿಂದ ಭಾವನೆ ಎಂದು ಎಂಟನೆಯ ವಯಸ್ಸಿನಲ್ಲಿ ತಿಳಿದುಕೊಂಡಿದ್ದೆ. ಮಾವ ಹೇಳಿದ್ದರೆ ಮಾವನೆ ಆಗುತ್ತಿತ್ತು ಎಂಬುದು ನನ್ನ ಲೆಕ್ಕ. ಊರು ಆಡುವ ಆ ದೊಡ್ಡ ಪದವೂ ಕಲ್ಬತ್ತಿನ ಈ ಪದವೂ ಒಂದೇ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಅಕ್ಕ ನಗಲಿಲ್ಲ. “ನಾನೂ ಅಂಗೇ ಅಂದ್ಕೊಂಡಿದ್ದೆ ಕಣೋ” ಎಂದಳು ಮೆಲ್ಲಗೆ. “ನೀನು ನಿನ್ನ ಭಾವನ ಕೆಲಸಕ್ಕೆ ಇಟ್ಟ ಹೆಸರು, ಅವ್ರೂ ಮುದ್ದಿಗೆ ಅದನ್ನೇ ಅಂತಾರೆ ಅಂತ.” ಆಮೇಲೆ ಕಲ್ಬತ್ತಿನ ಮುಂದೆ ಕೂತಳು. ಬೆರಳಲ್ಲಿ ಪುಡಿ ಮುಟ್ಟಿದಳು. ಪಕ್ಕದಲ್ಲಿಟ್ಟಿದ್ದ ಅಕ್ಕಿಯ ಪಾತ್ರೆಯನ್ನು ನೋಡಿದಳು. “ದಿನಾ ಕೇಳಿಸ್ಕೊಂತಾನೇ ಇದ್ದೀಯಲ್ಲ ಅಂದ್ರು. ನಂಗೆ ತಮಾಷೆ ಮಾಡ್ತಾರೆ ಅನಿಸ್ತು.” ನಾನು ಎಬ್ಬಿಸಲಿಲ್ಲ. ದೇವರ ಮುಂದೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ.

ಸೋಮವಾರ ಗುಡಿಯ ಮೆಟ್ಟಿಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಪದ ಹೋಗುವುದನ್ನು ನೋಡಲು ಬಂದವರೇ ಹೆಚ್ಚು. ಕಲ್ಲುಕುಟಿಗನೂ ಒಂದು ಮೂಲೆಯಲ್ಲಿ ನಿಂತಿದ್ದ. ಅಕ್ಕ ಸೆರಗಿನಲ್ಲಿ ಎರಡು ಪೊಟ್ಟಣ ಕಟ್ಟಿಕೊಂಡಿದ್ದಳು. ಬಸವನಿಗೆ ಮೂರು ಸುತ್ತು ಬಂದಳು, ಕೊರಳು ಮುಟ್ಟಿ ನಮಸ್ಕರಿಸಿದಳು. ಆದರೆ ಕಿವಿಗೆ ಬಾಯಿಡಲಿಲ್ಲ. ಊರಿನ ಕಡೆ ತಿರುಗಿ ನಿಂತಳು.

“ಕಿವಿಗೆ ಹೇಳವ್ವ, ಕಿವಿಗೆ” ಎಂದು ಪೂಜಾರಿ ಗೊಣಗಿದ.

“ಕಿವೀಲಿ ಹೇಳಿ ಹೇಳಿನೇ ಇದು ಸೊರಗಿದ್ದು ಕಣಪ್ಪ. ಒಂದು ಬಾಯಿ ಮುಚ್ಚಿತು, ಊರೆಲ್ಲ ಮೂಕಾಯ್ತು. ಇವತ್ತು ಎಲ್ರಿಗೂ ಹೇಳ್ತೀನಿ.”

ಜನ ಶಾಸ್ತ್ರಿಗಳ ಮುಖ ನೋಡಿದರು. ಅವರು ಕೆಮ್ಮಿ ಸುಧಾರಿಸಿಕೊಂಡು, “ಬಸವ ಬೇಡ ಅನ್ನುವುದಿಲ್ಲ. ಅವನ ಕಿವಿ ಕಲ್ಲಿನದಾದರೂ ಕೆಪ್ಪಲ್ಲ, ಅಲ್ಲಿಂದಲೇ ಕೇಳಿಸಿಕೊಳ್ಳುತ್ತಾನೆ. ಹೇಳು ತಾಯಿ” ಎಂದರು.

ಅಕ್ಕ ಹೊಂಬಾಳಮ್ಮನನ್ನು ಹತ್ತಿರ ಕರೆದಳು. ಮೊದಲ ಪೊಟ್ಟಣ ಬಿಚ್ಚಿ ಚಿಟಿಕೆ ಪುಡಿ ಅವಳ ಅಂಗೈಗೆ ಹಾಕಿದಳು. “ಬಾಯಿಗೆ ಹಾಕ್ಕಳಕ್ಕ. ಎಂಗೈತೆ?”

“ಎಂಗಿರ್ತದೆ, ಹಳೇ ನೆಲ್ಲಿಪುಡಿ. ಮಣ್ಣು ತಿಂದಂಗೈತೆ.”

“ಈಗ ಇದು.” ಎರಡನೆಯ ಪೊಟ್ಟಣ. ಅದೂ ಒಣಗಿದ ಪುಡಿಯೇ.

ಹೊಂಬಾಳಮ್ಮ ನಾಲಿಗೆಗೆ ಮುಟ್ಟಿಸಿದಳು. ಕೆನ್ನೆ ಒಳಗೆ ಸೆಳೆಯಿತು, ದವಡೆ ಬಿಗಿಯಿತು, ಬಾಯಲ್ಲಿ ನೀರೂರಿತು, ಆ ಹುಳಿಯ ರಭಸಕ್ಕೆ ಕಣ್ಣಲ್ಲೂ ನೀರು ತುಂಬಿ ಕೆನ್ನೆ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿಕೊಂಡಳು. ಜನ ನಕ್ಕರು, ಅವಳೂ ನಕ್ಕಳು.

ಅಕ್ಕ ಎಲ್ಲರಿಗೂ ಕೇಳುವಂತೆ ಮಾತಾಡಿದಳು. ಅವಳ ದನಿ ದೊಡ್ಡದಲ್ಲ, ಆದರೆ ಅವತ್ತು ಗುಡಿಯ ಕಂಬಗಳೂ ಬಾಗಿ ಕೇಳುವಂತಿತ್ತು. “ಎರಡೂ ಒಣಪುಡಿನೇ. ನೋಡಿದ್ರೆ ಗೊತ್ತಾಗಲ್ಲ. ಒಂದು ಬರೀ ಒಣಗಿದ್ದು. ಇನ್ನೊಂದು ಆರು ಸಲ ರಸ ಕುಡಿದು, ಆರು ಸಲ ಕಲ್ಲಿಗೆ ಸಿಕ್ಕಿ ಅರೆದು, ಆರು ಸಲ ಒಣಗಿದ್ದು. ರಸ ಎಲ್ಲೂ ಹೋಗಿಲ್ಲ, ಪುಡಿನೇ ಆಗೋಗೈತೆ. ಹಿಂಗೆ ಒಂದರೊಳಗೆ ಒಂದನ್ನ ಇಳಿಸಿ, ಅದನ್ನ ಇದಾಗಿಸೋದಕ್ಕೆ ನಮ್ಮನೆ ಕಲ್ಬತ್ತಿನ ಮುಂದೆ ಒಂದು ಪದ ಐತೆ. ಶಾಸ್ತ್ರಿಗಳು ಆಗೋದು ಅಂದ್ರು. ನಿಜ. ಆದ್ರೆ ಸುಮ್ಮನೆ ಆಗಲ್ಲ, ಆಗಿಸಬೇಕು. ನಾವು ಹುಟ್ಟುವಾಗ ಎಲ್ಲಾ ಒಣಪುಡಿ. ತಾಯಿ ಒಂದು ರಸ ಹುಯ್ತಾಳೆ, ಕಟ್ಕೊಂಡೋನು ಒಂದು ಹುಯ್ತಾನೆ, ಎದುರುಮನೆಯೋಳು ಒಂದು ಹುಯ್ತಾಳೆ, ಕೊನೆಗೆ ಸಾವು ಒಂದು. ಶಿವ ಕೂತು ಅರೀತಾನೆ. ನಮ್ಮ ಮಾತಲ್ಲೇ ನೋಡಿ, ನೀರಾಗೆ ಅಕ್ಕಿ ನೆನೆಯೋದಕ್ಕೂ ಹೋದೋರನ್ನ ನೆನೆಯೋದಕ್ಕೂ ಒಂದೇ ಪದ. ನೆಂದೋಳಿಗೇ ನೆನಪಾಗೋದು. ಕಣ್ಣು ಒಣಗೈತೆ ಅಂತ ನೀವಂದ್ರಿ. ಒಣಗೈತೆ, ನಿಜ. ನಲವತ್ತೊಂಬತ್ತು ದಾಟಿ ಐವತ್ತು ವರ್ಷ ಆ ಮನುಷ್ಯನ ರಸ ಕುಡಿದೀನಿ. ಹೊರಗೆ ಚೆಲ್ಲಕ್ಕೆ ಏನೂ ಉಳಿದಿಲ್ಲ, ಎಲ್ಲಾ ನಾನೇ ಆಗೋಗೀನಿ.”

ಈಗ ಅನ್ನಬೇಕಾದ್ದು ಊರು. ಯಾರೂ ಮೊದಲು ಬಾಯಿ ತೆರೆಯಲಿಲ್ಲ. ದಸರೆಯಿಂದ ಮೀನಿನಂತೆ ಬಾಯಿ ಬಿಟ್ಟು ಅಭ್ಯಾಸವಾಗಿದ್ದ ಜನ. ಆಗ ಹೊಂಬಾಳಮ್ಮ, ಇನ್ನೂ ಒದ್ದೆಯಾಗಿದ್ದ ಮುಖದಲ್ಲೇ, “ಅನ್ರೋ” ಎಂದಳು. ಎಲ್ಲರೂ ಉಸಿರೆಳೆದುಕೊಂಡರು.

ಭಾವನೆ.

ಅದು ಬಂದ ಬಗೆಯನ್ನು ನಾನು ಹೇಗೆ ಹೇಳಲಿ. ಕೊನೆಯ ಅಕ್ಷರವೂ ಬಂತು, ಬಂದು ನಿಂತಿತು. ಗುಡಿಯ ಗಂಟೆ ಯಾರೂ ಮುಟ್ಟದೆ ಗುನುಗಿತು. ಹಕ್ಕಿಗಳು ಗೋಪುರದಿಂದ ಎದ್ದು ಒಂದು ಸುತ್ತು ಹಾರಿ ಮತ್ತೆ ಕೂತವು. ಕೈಕೂಸುಗಳು ಅಳು ನಿಲ್ಲಿಸಿದವು. ಜನ ಒಮ್ಮೆ ಅಂದರೆ ಸಾಕಿತ್ತು, ನಿಲ್ಲಿಸಲಿಲ್ಲ. ಮೂರು ಸಲ, ನಾಲ್ಕು ಸಲ ಅಂದರು. ಜಗಳವಾಡಿದ್ದ ಅಣ್ಣತಮ್ಮಂದಿರು ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ ಅಂದರು. ಶಾಸ್ತ್ರಿಗಳು ಕೆಮ್ಮು ಮರೆತು ಅಂದರು. ಕಲ್ಲುಕುಟಿಗ ಎಲ್ಲರಿಗಿಂತ ಗಟ್ಟಿಯಾಗಿ ಅಂದ. ಆಮೇಲೆ ಪೂಜಾರಿ ಬಾಗಿಲಿಗೆ ಬಂದು, ಊರಿನ ಹಿರಿಯರ ಹೆಸರುಗಳ ನಡುವೆ, “ಭಾವನೆ ಮನೆಯ ಪರ್ವತಯ್ಯ” ಎಂದು ಕೂಗಿದ. ಅಕ್ಕ ಕೈಮುಗಿದು ನಿಂತಿದ್ದಳು. ಅವಳ ಕಣ್ಣು ಒಣಗಿಯೇ ಇತ್ತು. ಈ ಸಲ ಅದನ್ನು ನೋಡಿ ಯಾರೂ ಏನೂ ಅನ್ನಲಿಲ್ಲ.

ಪ್ರಸಾದದ ಊಟ ಗುಡಿಯ ಅಂಗಳದಲ್ಲೇ. ಸಾಲಾಗಿ ಎಲೆ ಹಾಕಿದರು. ಹೊಂಬಾಳಮ್ಮ ಅಕ್ಕನ ಪಕ್ಕದಲ್ಲಿ ಕೂತಳು, ಅವಳ ಎಲೆಗೆ ತಾನೇ ಪಾಯಸ ಬಡಿಸಿದಳು. ಕೊನೆಯ ತುತ್ತಾಯಿತು. ಎಲ್ಲರೂ ಏಳಬೇಕು, ಅದೇ ನಮ್ಮ ರೂಢಿ. ಯಾರೂ ಏಳಲಿಲ್ಲ. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಇಡೀ ಅಂಗಳ ಒಂದು ಗಳಿಗೆ ಸುಮ್ಮನೆ ಕೂತಿತ್ತು. ಬಡಿಸುವವರೂ ಸೌಟು ಹಿಡಿದು ಹಾಗೇ ನಿಂತಿದ್ದರು.

ನನ್ನ ಎದುರಿಗಿದ್ದ ಶಾಸ್ತ್ರಿಗಳು ಬಹಳ ಮೆಲ್ಲಗೆ, “ಇದಕ್ಕೂ ಒಂದು ಪದ ಇತ್ತಂತೆ ತಾಯಿ” ಎಂದರು.

“ಸಿಗ್ತದೆ ಬಿಡಿ ಸ್ವಾಮಿ. ಯಾರ ಮನೆ ಅಡುಗೆಕೋಣೇಲಿ ಕೂತದೆಯೋ. ಬಾಗ್ಲು ತೆಗೆದು ಒಳಗೆ ಹೋಗಿ ಅಂದು ನೋಡ್ಬೇಕಷ್ಟೆ” ಎಂದಳು ಅಕ್ಕ.

ಆ ಗಳಿಗೆಯನ್ನು ಅವಳೇ ಮುರಿದಳು. ಎಲೆ ಮಡಿಸಿ, ಮಂಡಿಯ ಮೇಲೆ ಕೈಯೂರಿ, ನನ್ನ ಕಡೆ ನೋಡಿದಳು. ಬಾಯಲ್ಲಿ ಇನ್ನೂ ಪಾಯಸದ ಸಿಹಿಯಿತ್ತು, ಮುಂಬಾಗಿಲು ನಮ್ಮದಾಗಿಯೇ ಉಳಿದಿತ್ತು, ನನಗೆ ಇನ್ನೊಂದಿಷ್ಟು ಹೊತ್ತು ಕೂರುವ ಆಸೆ.

“ಏಳೋ ಮುದ್ದಯ್ಯ” ಎಂದಳು ಅಕ್ಕ. “ಏಳನೇ ಭಾವನೆ ಬಾಕಿ ಐತೆ.”